ಬಾಗಿಲು ತಟ್ಟಿದ ಮೇಲೆ: ಮನೆಯೊಳಗಿನ ಹಿಂಸೆಯ ಕರೆಗೆ ಹೋಗುವ ಹೊಸ ಪೊಲೀಸರಿಗೆ

ತರಬೇತಿ ಶಾಲೆಯಿಂದ ಹೊರಬರುವ ಹುಡುಗ ಹುಡುಗಿಯರಿಗೆ ಕಲಂಗಳು ಬಾಯಿಪಾಠ ಬಂದಿರುತ್ತವೆ. ಆದರೆ ಬಾಗಿಲಲ್ಲಿ ಎಲ್ಲಿ ನಿಲ್ಲಬೇಕು, ಮೊದಲ ಮಾತು ಯಾರ ಹತ್ತಿರ ಆಡಬೇಕು ಅನ್ನೋದು ಬಂದಿರುವುದಿಲ್ಲ. ನಾನು ಮಹಿಳಾ ಪೇದೆಯಾಗಿ ಸೇರಿ ಪಿಎಸ್‌ಐ ಆಗಿ ನಿವೃತ್ತಳಾದವಳು. ತುಮಕೂರು ಕಡೆಯ ಹಳ್ಳಿ ಠಾಣೆಗಳಲ್ಲೂ ಬೆಂಗಳೂರಿನ ಪಶ್ಚಿಮ ಭಾಗದಲ್ಲೂ ಕೆಲಸ ಮಾಡಿದ್ದೇನೆ. ಈಗ ಹೊಸಬರಿಗೆ ಈ ಒಂದು ವಿಷಯದ ಪಾಠ ಮಾಡಲು ಕರೆಯುತ್ತಾರೆ. ಆ ಪಾಠವನ್ನೇ ಇಲ್ಲಿ ಬರೆಯುತ್ತಿದ್ದೇನೆ.

‘ಗಂಡ-ಹೆಂಡತಿ ಗಲಾಟೆ’ ಅಂತ 112ರಿಂದ ಸಂದೇಶ ಬಂದರೆ ಗಾಡಿಯಲ್ಲಿ ಕೂತವರು ನಿಟ್ಟುಸಿರು ಬಿಡುವುದನ್ನು ಕಂಡಿದ್ದೇನೆ. ಸಣ್ಣ ಕರೆ ಅನ್ನೋ ಭಾವನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಮ್ಮ ರಾಜ್ಯದ ಬಗ್ಗೆ ಏನು ಹೇಳಿತು ಗೊತ್ತಾ? ಮದುವೆಯಾದ, 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 44ರಷ್ಟು ಮಂದಿ ಗಂಡನ ಹಿಂಸೆ ಅನುಭವಿಸಿದ್ದಾರೆ. ದೇಶದಲ್ಲೇ ಅತಿ ಜಾಸ್ತಿ ನಮ್ಮಲ್ಲಿ. ಅವರಲ್ಲಿ ಪೊಲೀಸರಿಗೆ ಫೋನ್ ಮಾಡುವವರು ಬೆರಳೆಣಿಕೆಯಷ್ಟು. ಹಾಗಾಗಿ ಒಬ್ಬಾಕೆ ಫೋನ್ ಮಾಡಿದ್ದಾಳೆ ಅಂದರೆ ಅವಳು ತುಂಬಾ ದಿನ ತಡೆದುಕೊಂಡು, ಕೊನೆಗೆ ಮಾಡಿದ್ದಾಳೆ ಅಂತಲೇ ತಿಳಿಯಿರಿ.

ಆ ಮನೆಯಿಂದ ಹೊರಡುವ ಮುಂಚೆ ನಿಮ್ಮ ಹತ್ತಿರ ಎರಡು ಪ್ರಶ್ನೆಗೆ ಉತ್ತರ ಇರಬೇಕು. ಇವತ್ತು ರಾತ್ರಿ ಈಕೆ ಎಲ್ಲಿ, ಯಾವ ಭರವಸೆಯಲ್ಲಿ ಮಲಗುತ್ತಾಳೆ? ಇವತ್ತು ನಡೆದದ್ದು ಯಾವ ಕಾಗದದಲ್ಲಿ ದಾಖಲಾಗಿದೆ? ಇವೆರಡಕ್ಕೂ ಉತ್ತರ ಇಲ್ಲ ಅಂದರೆ ನಿಮ್ಮ ಕೆಲಸ ಮುಗಿದಿಲ್ಲ.

ಹೋಗುವ ದಾರಿಯಲ್ಲಿ

ಕಂಟ್ರೋಲ್ ರೂಮಿನಿಂದ ವಿಳಾಸ ಬರೆದುಕೊಂಡರೆ ಸಾಲದು. ಕರೆ ಮಾಡಿದವರು ಯಾರು, ಆಕೆಯೋ, ಮಗುವೋ, ಪಕ್ಕದ ಮನೆಯವರೋ ಕೇಳಿ. ಕುಡಿದಿದ್ದಾನಾ, ಕೈಯಲ್ಲಿ ಏನಾದರೂ ಇದೆಯಾ, ಮಕ್ಕಳಿದ್ದಾರಾ ಕೇಳಿ. ಇದೇ ವಿಳಾಸದಿಂದ ಮುಂಚೆ ಕರೆ ಬಂದಿತ್ತಾ ಅನ್ನೋದನ್ನು ಖಂಡಿತ ಕೇಳಿ. ಗಾಡಿಯಲ್ಲಿ ಮಹಿಳಾ ಸಿಬ್ಬಂದಿ ಇಲ್ಲದಿದ್ದರೆ ಆಗಲೇ ವೈರ್‌ಲೆಸ್‌ನಲ್ಲಿ ಕೇಳಿ. ಆದರೆ ಒಳಗೆ ಕೂಗಾಟ ಇದ್ದಾಗ ಅವರು ಬರಲಿ ಅಂತ ಹೊರಗೆ ಕಾಯಬೇಡಿ.

ಬೀದಿ ಹತ್ತಿರ ಬಂದಂತೆ ಸೈರನ್ ನಿಲ್ಲಿಸಿ. ಮನೆಗೆ ಎರಡು ಮೂರು ಮನೆ ಮುಂಚೆ ಗಾಡಿ ನಿಲ್ಲಿಸಿ ನಡೆದು ಹೋಗಿ. ಬಾಗಿಲು ತಟ್ಟುವ ಮುಂಚೆ ಅರೆ ನಿಮಿಷ ಸುಮ್ನೆ ನಿಂತು ಕೇಳಿಸಿಕೊಳ್ಳಿ. ಒಳಗಿಂದ ಬರುವ ಮಾತು ಮುಂದೆ ನಿಮ್ಮ ವರದಿಯ ಮೊದಲ ಸಾಲಾಗುತ್ತದೆ. ಬಾಡಿ ಕ್ಯಾಮೆರಾ ಇದ್ದರೆ ಇಲ್ಲೇ ಆನ್ ಮಾಡಿ.

ಬಾಗಿಲಿಗೆ ನೇರವಾಗಿ ನಿಲ್ಲಬೇಡಿ. ಒಬ್ಬರು ಈ ಪಕ್ಕ, ಇನ್ನೊಬ್ಬರು ಆ ಪಕ್ಕ.

ಒಳಗೆ ಹೋಗುವುದು

ಸಾಮಾನ್ಯವಾಗಿ ಗಂಡಸೇ ಬಾಗಿಲು ತೆಗೆಯುತ್ತಾನೆ. “ಏನಿಲ್ಲ ಸಾರ್, ಮನೆ ಜಗಳ, ಮುಗೀತು” ಅನ್ನುತ್ತಾನೆ. ಅವನ ತಾಯಿ ಬಂದು “ಅವಳು ಮಲಗಿದ್ದಾಳೆ” ಅನ್ನಬಹುದು. ವಾದ ಮಾಡಬೇಡಿ. “ಕರೆ ಬಂದಿದೆ. ಮನೆಯಲ್ಲಿರುವ ಎಲ್ಲರನ್ನೂ ನೋಡಿ, ಮಾತಾಡಿಸಿಯೇ ಹೋಗಬೇಕು” ಅಂತ ಒಂದೇ ದನಿಯಲ್ಲಿ ಹೇಳಿ. ಆಕೆಯನ್ನು ಕಣ್ಣಾರೆ ನೋಡದೆ, ಆಕೆಯ ದನಿ ಕೇಳದೆ ವಾಪಸ್ ಬರಬಾರದು. ಕರೆ ಮಾಡಿದ್ದು ಯಾರು ಅಂತ ಅವನು ಕೇಳಿಯೇ ಕೇಳುತ್ತಾನೆ. ಹೇಳಬೇಡಿ. ಅಕ್ಕಪಕ್ಕದವರು ಅಂತ ಊಹೆಯ ಉತ್ತರವನ್ನೂ ಕೊಡಬೇಡಿ.

ಒಳಗೆ ಹೊಡೆತ ನಡೆಯುತ್ತಿದೆ ಅಂತ ಗೊತ್ತಾದಾಗ ಅನುಮತಿಗೆ ಕಾಯುವ ಪ್ರಶ್ನೆ ಇಲ್ಲ. ಸಂಜ್ಞೇಯ ಅಪರಾಧವನ್ನು, ಅಂದರೆ ನ್ಯಾಯಾಲಯದ ಆದೇಶಕ್ಕೆ ಕಾಯದೆ ಪೊಲೀಸರೇ ಕೇಸು ದಾಖಲಿಸಬಹುದಾದ ಅಪರಾಧವನ್ನು, ತಡೆಯುವುದು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 168ರಲ್ಲಿ ನಮ್ಮ ಮೇಲಿರುವ ಕರ್ತವ್ಯ.

ಒಳಗೆ ಹೋದ ತಕ್ಷಣ ಇಬ್ಬರನ್ನೂ ಬೇರೆ ಮಾಡಿ. ಎಲ್ಲಿಗೆ ಕರೆದುಕೊಂಡು ಹೋಗಬೇಕು ಅನ್ನೋದು ಮುಖ್ಯ. ಅಡುಗೆಮನೆ ಬೇಡವೇ ಬೇಡ. ಚಾಕು, ಈಳಿಗೆಮಣೆ, ಒಲೆಯ ಮೇಲಿನ ಎಣ್ಣೆ, ಎಲ್ಲ ಅಲ್ಲೇ ಇರುತ್ತದೆ. ಒಲೆ ಉರಿಯುತ್ತಿದ್ದರೆ ಮೊದಲು ಆರಿಸಿ, ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿ. ಮಲಗುವ ಕೋಣೆಯೂ ಬೇಡ. ಆಕೆಯನ್ನು ಜಗಲಿಗೋ, ಮಹಡಿಗೋ, ಆಕೆ ಒಪ್ಪಿದರೆ ಪಕ್ಕದ ಮನೆಗೋ ಕರೆದುಕೊಂಡು ಹೋಗಿ. ಅವನನ್ನು ಹಾಲ್‌ನಲ್ಲಿ ಕೂರಿಸಿ. ಅವರಿಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಕಾಣಬಾರದು, ಆದರೆ ನೀವಿಬ್ಬರು ಒಬ್ಬರಿಗೊಬ್ಬರು ಕಾಣುತ್ತಿರಬೇಕು. ತರಗತಿಯಲ್ಲಿ ಇದನ್ನು ಬೆಂಚು ಜರುಗಿಸಿ ಮಾಡಿಸುತ್ತೇನೆ. ಹೇಳಿದರೆ ಸುಲಭ ಅನ್ನಿಸುತ್ತದೆ. ಹತ್ತು ಅಡಿ ಅಗಲದ ಬಾಡಿಗೆ ಮನೆಯಲ್ಲಿ ಮಾಡಿ ನೋಡಿದಾಗಲೇ ಕಷ್ಟ ತಿಳಿಯುವುದು.

ಆಕೆಯ ಜೊತೆ ಮಾತು

ಕೂತು ಮಾತಾಡಿ. ಬೂಟು ಹಾಕಿಕೊಂಡು ಮೂರು ಜನ ಸುತ್ತ ನಿಂತರೆ ಯಾರೂ ಬಾಯಿ ಬಿಡುವುದಿಲ್ಲ. ‘ಅಮ್ಮ’ ಅನ್ನಿ, ‘ಅಕ್ಕ’ ಅನ್ನಿ, ಆ ಊರಲ್ಲಿ ಏನು ವಾಡಿಕೆಯೋ ಹಾಗೆ. ಏಕವಚನ ಮಾತ್ರ ಬೇಡ, ಆಕೆ ನಿಮಗಿಂತ ಚಿಕ್ಕವಳಾದರೂ. ಮೊದಲ ಪ್ರಶ್ನೆ: “ಎಲ್ಲಿ ನೋವಾಗಿದೆ?” ಎರಡನೆಯದು: “ಮಕ್ಕಳು ಎಲ್ಲಿದ್ದಾರೆ?” ಆಮೇಲೆ ಆಕೆ ಎಲ್ಲಿಂದ ಶುರು ಮಾಡಿದರೂ ಬಿಡಿ. ಇವತ್ತಿನ ಹೊಡೆತ ಕೇಳಿದರೆ ಮೂರು ವರ್ಷದ ಹಿಂದಿನ ಸೀಮಂತದ ಕಥೆ ಹೇಳಬಹುದು. ಪೆಟ್ಟು ತಿಂದವರ ನೆನಪು ದಿನಾಂಕದ ಪ್ರಕಾರ ಬರುವುದಿಲ್ಲ. ಕ್ರಮ ಹಾಕಿ ಬರೆಯುವುದು ನಮ್ಮ ಕೆಲಸ.

“ನೀನೇನು ಅಂದೆ ಅವನಿಗೆ?” “ಇಷ್ಟು ದಿನ ಯಾಕೆ ಸುಮ್ಮನಿದ್ದೆ?” ಈ ಎರಡು ಪ್ರಶ್ನೆ ಕೇಳಿದರೆ ಆಕೆಯ ಮಾತು ಅಲ್ಲಿಗೇ ನಿಂತುಹೋಗುತ್ತದೆ.

ಪೀಣ್ಯದ ಕಡೆ ಒಡಿಯಾ, ಹಿಂದಿ, ತಮಿಳು ಮಾತಾಡುವ ಮನೆಗಳಿಗೆ ಹೋಗಬೇಕಾಗುತ್ತದೆ. ಆಗ ಗಂಡನ ಬಾಯಲ್ಲಿ ಆಕೆಯ ಮಾತು ಕೇಳಬೇಡಿ. ಮಗುವನ್ನೂ ಅನುವಾದಕ್ಕೆ ನಿಲ್ಲಿಸಬೇಡಿ. ಭಾಷೆ ಬರುವ ಸಿಬ್ಬಂದಿಯನ್ನು ಫೋನಿನಲ್ಲಿ ಹಿಡಿಯಿರಿ, ಇಲ್ಲವೇ 181 ಮಹಿಳಾ ಸಹಾಯವಾಣಿಯ ಸಹಾಯ ಕೇಳಿ.

ಕರೆ ಮಾಡಿದವಳು ಹೆಂಡತಿಯೇ ಆಗಿರಬೇಕಿಲ್ಲ. ಪಿಂಚಣಿ ದುಡ್ಡಿಗಾಗಿ ಮಗನ ಕೈಯಲ್ಲಿ ಪೆಟ್ಟು ತಿಂದ ತಾಯಂದಿರನ್ನು ನೋಡಿದ್ದೇನೆ. ಅಣ್ಣನ ಮನೆಯಲ್ಲಿರುವ ವಿಧವೆ ತಂಗಿ ಇರಬಹುದು. ಮದುವೆಯಾಗದೆ ಸಂಸಾರ ಮಾಡುತ್ತಿರುವವಳು ಇರಬಹುದು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ರಕ್ಷಣೆ ಇವರಿಗೂ ಇದೆ. ಹೊಡೆತ ಮಾತ್ರ ಅಲ್ಲ, ಬೈಗುಳ, ಲೈಂಗಿಕ ಹಿಂಸೆ, ಸಂಬಳ ಕಿತ್ತುಕೊಳ್ಳುವುದು, ಮನೆ ಖರ್ಚಿಗೆ ಕೊಡದಿರುವುದು, ಒಡವೆ ಮಾರಿಕೊಳ್ಳುವುದು ಎಲ್ಲವೂ ಅದರಲ್ಲಿ ಬರುತ್ತದೆ.

ಕುತ್ತಿಗೆಯ ಪ್ರಶ್ನೆ

ಇದನ್ನು ಬೇರೆಯಾಗಿ ಬರೆಯುತ್ತಿದ್ದೇನೆ, ಯಾಕೆಂದರೆ ಇದನ್ನು ಕೇಳುವವರೇ ಕಡಿಮೆ. “ಕುತ್ತಿಗೆಗೆ ಕೈ ಹಾಕಿದ್ದನಾ? ಉಸಿರು ಕಟ್ಟಿತ್ತಾ?” ಪ್ರತಿ ಕರೆಯಲ್ಲೂ ಬಾಯಿಬಿಟ್ಟು ಕೇಳಿ. ಆಕೆ ತಾನಾಗಿ ಹೇಳುವುದಿಲ್ಲ. ಕೆನ್ನೆಯ ಏಟು, ಹರಿದ ರವಿಕೆ ತೋರಿಸುತ್ತಾಳೆ. ಕುತ್ತಿಗೆ ಹಿಸುಕಿದ್ದು ಗುರುತು ಬಿಟ್ಟಿರುವುದಿಲ್ಲ, ಅದಕ್ಕೆ ಅದನ್ನು ಹೇಳುವಂಥದ್ದು ಅಂದುಕೊಂಡೇ ಇರುವುದಿಲ್ಲ.

ಹೊರಗೆ ಗುರುತಿಲ್ಲದೆಯೂ ಒಳಗೆ ಪೆಟ್ಟಾಗಿರುತ್ತದೆ. ದನಿ ಒಡೆದಿದೆಯಾ ಗಮನಿಸಿ. ಉಗುಳು ನುಂಗಲು ಕಷ್ಟವಾ ಕೇಳಿ. ಟಾರ್ಚ್ ಹಿಡಿದು ಕಣ್ಣಿನ ಬಿಳಿ ಭಾಗದಲ್ಲಿ, ರೆಪ್ಪೆಯ ಒಳಗಡೆ, ಕಿವಿಯ ಹಿಂದೆ ಸೂಜಿ ಮೊನೆಯಷ್ಟು ಕೆಂಪು ಚುಕ್ಕೆ ಇದೆಯಾ ನೋಡಿ. ಕಣ್ಣು ಕತ್ತಲೆ ಬಂತಾ, ಬಟ್ಟೆಯಲ್ಲೇ ಮೂತ್ರ ಹೋಯಿತಾ ಅಂತ ಮಹಿಳಾ ಸಿಬ್ಬಂದಿ ಮೆಲ್ಲಗೆ ಕೇಳಲಿ. ಇದರಲ್ಲಿ ಒಂದಕ್ಕೆ ಹೌದು ಅಂದರೂ ನೇರ ಆಸ್ಪತ್ರೆ. “ಈಗ ಸರಿಯಿದ್ದೇನೆ” ಅಂದರೂ ಒಪ್ಪಿಸಿ ಕರೆದುಕೊಂಡು ಹೋಗಿ. ಗಂಟಲ ಒಳಗಿನ ಊತ ತಡವಾಗಿ ಏರಬಹುದು. ವೈದ್ಯರಿಗೆ ‘ಹಲ್ಲೆ’ ಅಂತ ಮಾತ್ರ ಹೇಳಿದರೆ ಎಂಎಲ್‌ಸಿಯಲ್ಲೂ, ಅಂದರೆ ಆಸ್ಪತ್ರೆಯ ವೈದ್ಯಕೀಯ-ಕಾನೂನು ದಾಖಲೆಯಲ್ಲೂ, ಅಷ್ಟೇ ಬರುತ್ತದೆ. ಕುತ್ತಿಗೆ ಹಿಸುಕಿದ್ದು ಅಂತ ಬಿಡಿಸಿ ಹೇಳಿ.

ಅಮೆರಿಕದ ಸಂಶೋಧಕರು ಕೊಲೆಯಾದ ಹೆಂಗಸರ ಪ್ರಕರಣಗಳನ್ನು ಜೋಡಿಸಿ ನೋಡಿದಾಗ, ಮೊದಲೊಮ್ಮೆ ಕುತ್ತಿಗೆ ಹಿಸುಕಿಸಿಕೊಂಡವಳು ಮುಂದೆ ಅವನ ಕೈಯಲ್ಲೇ ಸಾಯುವ ಸಾಧ್ಯತೆ ಏಳು ಪಟ್ಟು ಜಾಸ್ತಿ ಅಂತ ಕಂಡುಬಂದಿತ್ತು. ಈ ಕೆಲಸದ ಹಿಂದೆ ಇದ್ದವರಲ್ಲಿ ಜ್ಯಾಕ್ವೆಲಿನ್ ಕ್ಯಾಂಪ್‌ಬೆಲ್ ಅನ್ನುವ ನರ್ಸ್ ಒಬ್ಬರು. ಪ್ರಾಣಾಪಾಯ ಅಳೆಯಲು ಅವರು 1980ರ ದಶಕದಲ್ಲಿ ಮಾಡಿದ ಪ್ರಶ್ನಾವಳಿಯನ್ನು ಇವತ್ತಿಗೂ ಬಳಸುತ್ತಾರೆ. ನನ್ನ ತರಗತಿಯ ಪ್ರಶ್ನೆಗಳು ಅದರ ಜಾಡಿನವೇ. ಇತ್ತೀಚೆಗೆ ಹೊಡೆತ ಹೆಚ್ಚಾಗಿದೆಯಾ? ಕೊಲ್ಲುತ್ತೇನೆ ಅಂದಿದ್ದಾನಾ, ಅವನು ಮಾಡಿಯಾನು ಅಂತ ನಿಮಗೇ ಅನ್ನಿಸುತ್ತದಾ? ಮಚ್ಚು, ಚಾಕು ತೋರಿಸಿದ್ದಾನಾ? ಬಸುರಿಯಾಗಿದ್ದಾಗ ಹೊಡೆದಿದ್ದಾನಾ? ಸದಾ ಅನುಮಾನ ಪಡುತ್ತಾನಾ, ಫೋನ್ ನೋಡುತ್ತಾನಾ? ತಾನೇ ಸಾಯುತ್ತೇನೆ ಅಂತ ಹೆದರಿಸುತ್ತಾನಾ? ಬಿಟ್ಟು ಹೋಗುತ್ತೇನೆ ಅಂತ ನೀವು ಹೇಳಿದ್ದೀರಾ?

ಕೊನೆಯದನ್ನು ಹಗುರವಾಗಿ ತಗೋಬೇಡಿ. ಬಿಟ್ಟು ಹೋಗುವ ಹೊತ್ತೇ ಅತಿ ಅಪಾಯದ ಹೊತ್ತು. ಉತ್ತರಗಳನ್ನು ಆಕೆಯ ಮಾತಿನಲ್ಲೇ ಬರೆದು ಠಾಣಾಧಿಕಾರಿಗೆ ಆ ರಾತ್ರಿಯೇ ತಿಳಿಸಿ.

ಇಬ್ಬರಿಗೂ ಗಾಯವಾಗಿದ್ದರೆ

“ಇವಳೂ ಹೊಡೆದಿದ್ದಾಳೆ ನೋಡಿ ಸಾರ್” ಅಂತ ಅವನು ಮುಂಗೈ ತೋರಿಸುತ್ತಾನೆ. ಪರಚಿದ ಗೆರೆ, ಕಚ್ಚಿದ ಗುರುತು ಇರುತ್ತದೆ. ಹಿಡಿತದಿಂದ ಬಿಡಿಸಿಕೊಳ್ಳಲು ಒದ್ದಾಡಿದವಳು ಕೊಡುವ ಗಾಯ ಹೀಗೆಯೇ ಇರುತ್ತದೆ. ಯಾರ ಗಾಯ ಎಲ್ಲಿದೆ, ಯಾರ ಮೈ ದೊಡ್ಡದು, ಯಾರು ಯಾರಿಗೆ ಹೆದರುತ್ತಿದ್ದಾರೆ, ಇಷ್ಟು ನೋಡಿದರೆ ಬಹಳಷ್ಟು ಸಲ ಉತ್ತರ ಸಿಗುತ್ತದೆ. ಎರಡೂ ಕಡೆ ದೂರು ಬರೆದುಕೊಂಡು ಕೈತೊಳೆದುಕೊಳ್ಳುವುದು ತನಿಖೆಯಲ್ಲ.

ಸಾಕ್ಷ್ಯ

ಒಡೆದ ಬಳೆ ಚೂರು, ಕಿತ್ತ ತಾಳಿ ಸರ, ಗೋಡೆಗೆ ಎಸೆದ ಮೊಬೈಲ್, ಬೆಲ್ಟು, ಕಿತ್ತುಬಂದ ಕೂದಲು. ಗುಡಿಸುವ ಮುಂಚೆ ಫೋಟೋ ತೆಗೆಯಿರಿ. ಮೊದಲು ಇಡೀ ಕೋಣೆ, ಆಮೇಲೆ ಹತ್ತಿರದಿಂದ. ನಮ್ಮ ಮೈಬಣ್ಣದಲ್ಲಿ ಹೊಸ ಬಾಸುಂಡೆ ತಕ್ಷಣ ಕಾಣುವುದಿಲ್ಲ. ಟಾರ್ಚನ್ನು ಓರೆಯಾಗಿ ಹಿಡಿದರೆ ಊತ ಕಾಣುತ್ತದೆ. ಎರಡು ದಿನ ಬಿಟ್ಟು ಬಣ್ಣ ಏರಿದ ಮೇಲೆ ಮತ್ತೆ ಫೋಟೋ ತೆಗೆಸಿ. ಬಟ್ಟೆ ಮುಚ್ಚಿದ ಜಾಗದ ಗಾಯವನ್ನು ಮಹಿಳಾ ಸಿಬ್ಬಂದಿ ಅಥವಾ ವೈದ್ಯರು ಮಾತ್ರ ನೋಡಬೇಕು. ವಾಟ್ಸಾಪ್‌ನಲ್ಲಿ ಅವನು ಕಳಿಸಿದ ಬೈಗುಳದ ಆಡಿಯೋ ಇದ್ದರೆ ಅಳಿಸಬೇಡಿ ಅಂತ ಹೇಳಿ. ಅದನ್ನು ನ್ಯಾಯಾಲಯಕ್ಕೆ ಕೊಡುವಾಗ ಬಿಎಸ್‌ಎ (ಭಾರತೀಯ ಸಾಕ್ಷ್ಯ ಅಧಿನಿಯಮ) 63ರ ಪ್ರಮಾಣಪತ್ರ ಬೇಕು. ಆಕೆಯನ್ನು ಹೇಳಿಕೆಗೆ ಅಂತ ಠಾಣೆಗೆ ಅಲೆಸಬೇಡಿ. ಬಿಎನ್‌ಎಸ್‌ಎಸ್ 179ರ ಪ್ರಕಾರ ಹೆಂಗಸರ ವಿಚಾರಣೆ ಅವರಿರುವ ಜಾಗದಲ್ಲೇ ಆಗಬೇಕು.

ಮಕ್ಕಳನ್ನು ಸಾಕ್ಷಿ ಮಾಡಲು ಆತುರ ಬೇಡ. ಅವರು ಊಟ ಮಾಡಿದ್ದಾರಾ, ಗಾಯ ಆಗಿದೆಯಾ ನೋಡಿ. ಆ ರಾತ್ರಿಗೆ ಅಷ್ಟು ಸಾಕು.

ಯಾವ ಕಾಗದ?

2005ರ ಕಾಯ್ದೆಯ 5ನೇ ಕಲಂ ನಮ್ಮ ಮೇಲೆ ಕೆಲವು ಮಾತುಗಳನ್ನು ಆಕೆಗೆ ಹೇಳುವ ಹೊಣೆ ಹಾಕಿದೆ. ರಕ್ಷಣಾ ಆದೇಶ, ವಾಸದ ಆದೇಶ, ಜೀವನಕ್ಕೆ ಹಣ, ಮಕ್ಕಳ ಸುಪರ್ದು, ಪರಿಹಾರ, ಇವನ್ನು ಮ್ಯಾಜಿಸ್ಟ್ರೇಟರ ಹತ್ತಿರ ಕೇಳಬಹುದು. ಉಚಿತ ಕಾನೂನು ನೆರವು ಇದೆ. ಸಂರಕ್ಷಣಾಧಿಕಾರಿ ಇದ್ದಾರೆ. ಕ್ರಿಮಿನಲ್ ದೂರನ್ನೂ ಕೊಡಬಹುದು. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಸಂರಕ್ಷಣಾಧಿಕಾರಿ. ಡಿಐಆರ್ ಅನ್ನುವ ಘಟನಾ ವರದಿಯನ್ನು ನಮೂನೆ 1ರಲ್ಲಿ ಅವರು ತುಂಬುತ್ತಾರೆ. ಅವರ ನಂಬರು ನಿಮ್ಮ ಮೊಬೈಲಲ್ಲಿ ಇರಬೇಕು. ನೊಂದ ಹೆಂಗಸರಿಗೆ ಆಸರೆ, ನೆರವು ಕೊಡುವ ಜಿಲ್ಲೆಯ ಸಖಿ ಕೇಂದ್ರದ್ದು, ಸಾಂತ್ವನ ಕೇಂದ್ರದ್ದೂ ಇರಬೇಕು. ಇವನ್ನೆಲ್ಲ ಒಂದು ಚೀಟಿಯಲ್ಲಿ ಅಚ್ಚು ಹಾಕಿಸಿ ಜೇಬಿನಲ್ಲಿಟ್ಟುಕೊಳ್ಳಿ. ಗಂಡನ ಎದುರು ಕೊಡಬೇಡಿ.

ಈ ಕಾಯ್ದೆಯ ದಾರಿ ಬೇರೆ, ಎಫ್‌ಐಆರ್ ದಾರಿ ಬೇರೆ. ಎರಡೂ ಒಟ್ಟಿಗೆ ನಡೆಯಬಹುದು. “ಡಿವಿ ಹಾಕಿಕೊಳ್ಳಮ್ಮ”, ಅಂದರೆ ಈ ಕಾಯ್ದೆಯಡಿ ಅರ್ಜಿ ಹಾಕಿಕೋ, ಅಂತ ಕಳಿಸಿಬಿಟ್ಟರೆ ನಮ್ಮ ಕೆಲಸ ತಪ್ಪುವುದಿಲ್ಲ.

ಗಂಡ ಅಥವಾ ಅವನ ಕಡೆಯವರ ಕ್ರೌರ್ಯಕ್ಕೆ ಮೊದಲು ಐಪಿಸಿಯ 498ಎ ಇತ್ತು. 2024ರ ಜುಲೈ 1ರಿಂದ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 85. ಅದರಲ್ಲಿ ಒಂದು ಸೂಕ್ಷ್ಮ ಇದೆ. ದೂರು ಆಕೆಯಿಂದ ಅಥವಾ ಆಕೆಯ ಸಂಬಂಧಿಕರಿಂದ, ಸಂಬಂಧಿಕರೇ ಇಲ್ಲದಿದ್ದರೆ ಸರ್ಕಾರ ಗೊತ್ತುಮಾಡಿದ ಅಧಿಕಾರಿಯಿಂದ, ಬಂದರೆ ಮಾತ್ರ ಅದು ಸಂಜ್ಞೇಯ. ಪಕ್ಕದ ಮನೆಯವರ ಮಾತಿನ ಮೇಲೆ 85 ಹಾಕಲು ಬರುವುದಿಲ್ಲ. ಆದರೆ ಚಾಕು, ಬೆಂಕಿ, ಕಾದ ಎಣ್ಣೆಯಿಂದ ಗಾಯವಾಗಿದ್ದರೆ 118, ಮೂಳೆ ಮುರಿದರೆ, ಹಲ್ಲು ಬಿದ್ದರೆ 117. ಇವಕ್ಕೆ ಯಾರು ಹೇಳಿದರೂ ಎಫ್‌ಐಆರ್ ಆಗಬೇಕು. ಬರೀ ಕೈಯಿಂದ ಹೊಡೆದದ್ದು 115(2), ಅದು ಅಸಂಜ್ಞೇಯ. ತುಂಬಾ ಕಡೆ ಆ ಒಂದು ಏಟನ್ನು ಹಿಡಿದು ಎನ್‌ಸಿ (ಅಸಂಜ್ಞೇಯ ಪ್ರಕರಣ) ಮಾಡಿ, ದೂರು ಬಂದಿದೆ ಅನ್ನುವ ಹಿಂಬರಹ ಕೊಟ್ಟು ಕಳಿಸುತ್ತಾರೆ. ಆಕೆಯ ಪೂರ್ತಿ ಮಾತು ಕೇಳಿ ಬರೆದಿದ್ದರೆ ಅಲ್ಲಿ 85 ಇರುತ್ತಿತ್ತು. ಒಂದು ಸಂಜ್ಞೇಯ ಕಲಂ ಇದ್ದರೆ ಇಡೀ ಪ್ರಕರಣ ಸಂಜ್ಞೇಯವೇ.

ತವರಿಗೆ ಓಡಿಬಂದವಳಿಗೆ “ಗಂಡನ ಊರಿನ ಠಾಣೆಗೆ ಹೋಗಮ್ಮ” ಅನ್ನಬೇಡಿ. ಆಕೆ ಆಸರೆ ಪಡೆದಿರುವ ಊರಲ್ಲೂ ದೂರು ಕೊಡಬಹುದು ಅಂತ ಸುಪ್ರೀಂ ಕೋರ್ಟ್ 2019ರ ರೂಪಾಲಿ ದೇವಿ ಪ್ರಕರಣದಲ್ಲಿ ಹೇಳಿದೆ. ಎಫ್‌ಐಆರ್ ಪ್ರತಿಯನ್ನು ಪುಕ್ಕಟೆಯಾಗಿ ಕೈಗೆ ಕೊಡಿ.

ಇನ್ನು ಬಂಧನ. 2014ರ ಅರ್ನೇಶ್ ಕುಮಾರ್ ತೀರ್ಪನ್ನು ಸಿಬ್ಬಂದಿ ಬಾಯಲ್ಲಿ ದಿನಾ ಕೇಳುತ್ತೇನೆ. 498ಎ ಅಂದ ತಕ್ಷಣ ಯಾಂತ್ರಿಕವಾಗಿ ಬಂಧಿಸಬೇಡಿ, ಅಗತ್ಯ ಇದೆಯಾ ತೂಗಿ ನೋಡಿ, ಕಾರಣ ಬರೆಯಿರಿ ಅಂತ ಅದು ಹೇಳುತ್ತದೆ. ಕೇಸು ದಾಖಲಿಸಬೇಡಿ ಅಂತ ಎಲ್ಲೂ ಹೇಳಿಲ್ಲ. ಅಪಾಯ ಇಲ್ಲದಿದ್ದರೆ ಬಿಎನ್‌ಎಸ್‌ಎಸ್ 35(3)ರ ನೋಟಿಸ್ ಕೊಡಿ. ಕುತ್ತಿಗೆ ಹಿಸುಕಿದ್ದಾನೆ, ಮಚ್ಚು ಹಿಡಿದಿದ್ದಾನೆ, ಬಿಟ್ಟರೆ ಮತ್ತೆ ಮಾಡುತ್ತಾನೆ ಅಂತಿದ್ದರೆ ಆ ಕಾರಣಗಳನ್ನು ಬರೆದು ಬಂಧಿಸಿ. ಅಪಾಯದ ಪ್ರಶ್ನೆಗಳಿಗೆ ಆಕೆ ಕೊಟ್ಟ ಉತ್ತರ ಇಲ್ಲಿ ಕೆಲಸಕ್ಕೆ ಬರುತ್ತದೆ.

ಮನೆ ಯಾರದ್ದು

“ಮನೆ ನನ್ನ ತಾಯಿ ಹೆಸರಲ್ಲಿದೆ, ಇವಳನ್ನು ಹೊರಗೆ ಕಳಿಸಿ” ಅನ್ನುವವರು ಸಿಗುತ್ತಾರೆ. ಪತ್ರ ಯಾರ ಹೆಸರಲ್ಲಿದ್ದರೂ, ಸಂಸಾರ ಮಾಡಿದ ಮನೆಯಲ್ಲಿ ವಾಸಿಸುವ ಹಕ್ಕು 2005ರ ಕಾಯ್ದೆಯ 17ನೇ ಕಲಮಿನಲ್ಲಿದೆ. ಅತ್ತೆ ಮಾವನ ಹೆಸರಿನ ಮನೆಯೂ ಇದರೊಳಗೆ ಬರಬಹುದು ಅಂತ 2020ರ ಸತೀಶ್ ಚಂದರ್ ಅಹುಜಾ ತೀರ್ಪು ಹೇಳಿದೆ. ಆದ್ದರಿಂದ “ಎರಡು ದಿನ ತವರಿಗೆ ಹೋಗಿ ಬಾಮ್ಮ, ತಣ್ಣಗಾಗಲಿ” ಅನ್ನುವುದನ್ನು ಬಿಡಿ. ಏಟು ತಿಂದವಳೇ ರಾತ್ರಿ ಹನ್ನೊಂದಕ್ಕೆ ಮಗು ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಯಾಕೆ ಹೋಗಬೇಕು?

ಆಕೆಗೇ ಅಲ್ಲಿರಲು ಭಯವಾಗಿದ್ದರೆ ಸಖಿ ಕೇಂದ್ರಕ್ಕೋ ಆಕೆ ಹೇಳಿದ ಕಡೆಗೋ ನೀವೇ ಬಿಟ್ಟು ಬನ್ನಿ. ಹೊರಡುವ ಮುಂಚೆ ನಿಂತು ಎತ್ತಿಸಿಕೊಳ್ಳಿ: ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಮಕ್ಕಳ ಶಾಲೆಯ ಕಾಗದ, ಮಾತ್ರೆ, ಫೋನು ಮತ್ತು ಚಾರ್ಜರ್, ಆಕೆಯ ಒಡವೆ. ಆಮೇಲೆ ತರುತ್ತೇನೆ ಅಂದರೆ ಆಗುವುದಿಲ್ಲ.

ರಾಜಿ ನಮ್ಮ ಕೆಲಸವಲ್ಲ

ಈ ಮಾತಿಗೆ ತರಗತಿಯಲ್ಲಿ ಜಾಸ್ತಿ ವಿರೋಧ ಬರುತ್ತದೆ. “ಸಂಸಾರ ಉಳಿಯಲಿ ಅಂತ ತಾನೇ ಮೇಡಂ?” ಅನ್ನುತ್ತಾರೆ. ಅವರ ಮನಸ್ಸು ಕೆಟ್ಟದ್ದಲ್ಲ ಅಂತ ನನಗೆ ಗೊತ್ತು. ಆದರೆ ಠಾಣೆಯಲ್ಲಿ ನಡೆಯುವ ರಾಜಿ ಹೇಗಿರುತ್ತದೆ ನೋಡಿ. ಅವನ ಕಡೆ ಹತ್ತು ಜನ, ಊರ ಹಿರಿಯರು, ಒಬ್ಬ ಪುಢಾರಿ. ಆಕೆಯ ಕಡೆ ಮುದುಕ ತಂದೆ. ಮುಚ್ಚಳಿಕೆ ಬರೆಸಿಕೊಂಡು, ಇಬ್ಬರಿಗೂ ಬುದ್ಧಿ ಹೇಳಿ, ಅದೇ ಆಟೋದಲ್ಲಿ ಅವನ ಪಕ್ಕದಲ್ಲೇ ಕೂರಿಸಿ ಕಳಿಸುತ್ತಾರೆ. ಅಲ್ಲಿಂದ ಮನೆ ತಲುಪುವವರೆಗೆ ಆಕೆಗೆ ಏನಾಗುತ್ತದೆ ಅಂತ ಯಾರೂ ಕೇಳುವುದಿಲ್ಲ. ಒಂದು ಠಾಣೆಯ ಕಡತದಲ್ಲಿ ಒಬ್ಬಳೇ ಹೆಂಗಸಿನ ಹೆಸರಲ್ಲಿ ಸಾಲಾಗಿ ಮುಚ್ಚಳಿಕೆಗಳನ್ನು ನೋಡಿದ್ದೇನೆ. ಎಲ್ಲದರಲ್ಲೂ ‘ಇನ್ನು ಮುಂದೆ ಹೊಡೆಯುವುದಿಲ್ಲ’ ಅನ್ನುವ ಅದೇ ಸಾಲು. ಅವುಗಳ ಕೆಳಗಿದ್ದ ಕಾಗದ ಆಕೆಯ ಮರಣೋತ್ತರ ವರದಿ.

ಆಪ್ತ ಸಮಾಲೋಚನೆ ಬೇಕು ಅಂತ ಆಕೆಯೇ ಕೇಳಿದರೆ ಸಾಂತ್ವನ ಕೇಂದ್ರವಿದೆ, ಬೆಂಗಳೂರಿನಲ್ಲಿ ವನಿತಾ ಸಹಾಯವಾಣಿ ಇದೆ. ಅದು ಕಲಿತವರು ಮಾಡುವ ಕೆಲಸ. ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾಡುತ್ತಾರೆ.

“ಕೇಸು ಬೇಡ, ಸುಮ್ನೆ ಹೆದರಿಸಿ ಬಿಡಿ” ಅಂತ ಆಕೆಯೇ ಅಂದರೆ? ತುಂಬಾ ಸಲ ಅನ್ನುತ್ತಾರೆ. ಆಕೆಗೆ ಆ ಮನೆಯ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತು. ಬೈಯಬೇಡಿ. ಚಾಕುವಿನ ಗಾಯದಂಥ ಪ್ರಕರಣದಲ್ಲಿ ನಿರ್ಧಾರ ಆಕೆಯ ಮೇಲೆ ಬಿಡುವಂತಿಲ್ಲ, ಅದನ್ನು ನೇರವಾಗಿ ಹೇಳಿ. ಉಳಿದ ಕಡೆ, ಆಕೆ ಹೇಳಿದ್ದನ್ನು ಹೇಳಿದ ಹಾಗೆ ಬರೆದು, ಠಾಣಾ ದಿನಚರಿಯಲ್ಲಿ ಸಮಯದ ಸಮೇತ ನಮೂದಿಸಿ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬನ್ನಿ ಅನ್ನಿ. ಆರು ತಿಂಗಳ ಮೇಲೆ ಬಂದಾಗ ಆ ನಮೂದು ಆಕೆಯ ಪರವಾಗಿ ಮಾತಾಡುತ್ತದೆ.

ಅವನಿಗೆ ಒಂದೇಟು ಕೊಟ್ಟು ಹೆದರಿಸುವ ಅಭ್ಯಾಸ ಬಿಡಿ. ಅದು ಕಾನೂನಿಗೆ ವಿರುದ್ಧ. ಜೊತೆಗೆ, ಬೀದಿಯವರ ಎದುರು ತಿಂದ ಏಟಿನ ಸಿಟ್ಟನ್ನು ನೀವು ಹೋದ ಮೇಲೆ ಅವನು ಆಕೆಯ ಮೇಲೆಯೇ ತೀರಿಸಿಕೊಳ್ಳುತ್ತಾನೆ. ಬದಲಿಗೆ “ಈ ಮನೆಗೆ ನಾವು ಮತ್ತೆ ಬರುತ್ತೇವೆ. ಇವತ್ತಿನದು ಬರೆದಾಗಿದೆ” ಅಂತ ಮೆಲ್ಲಗೆ ಹೇಳಿ. ಅವನು ನಮ್ಮದೇ ಇಲಾಖೆಯವನಾಗಿದ್ದರೂ ಇದೇ ಮಾತು, ಇದೇ ಕಾಗದ. ಆಗ ಮಾತ್ರ ಮೇಲಧಿಕಾರಿಗೆ ಅಲ್ಲಿಂದಲೇ ಫೋನ್ ಮಾಡಿ.

ಮರುದಿನ

ಬೀಟ್ ಸಿಬ್ಬಂದಿ ಮರುದಿನ ಹೋಗಿ ಬರಬೇಕು. ಅವನು ಕೆಲಸಕ್ಕೆ ಹೋಗುವ ಹೊತ್ತು ಯಾವುದು ಅಂತ ರಾತ್ರಿಯೇ ಆಕೆಯ ಹತ್ತಿರ ಕೇಳಿಟ್ಟುಕೊಳ್ಳಿ. ಫೋನ್ ಮಾಡುವುದಾದರೆ ಅವನು ಪಕ್ಕದಲ್ಲಿದ್ದಾಗ ಆಕೆ ಏನು ಅನ್ನಬೇಕು ಅಂತ ಮೊದಲೇ ಗೊತ್ತುಮಾಡಿಕೊಳ್ಳಿ. “ಗ್ಯಾಸ್ ಬುಕ್ ಆಗಿದೆ” ಅನ್ನುವಂಥ ಯಾವುದಾದರೂ ಸಾದಾ ಮಾತು ಸಾಕು.

ಮ್ಯಾಜಿಸ್ಟ್ರೇಟರು ರಕ್ಷಣಾ ಆದೇಶ ಕೊಟ್ಟರೆ ಅದರ ಪ್ರತಿ ಠಾಣೆಗೆ ಬರುತ್ತದೆ. ಬರಹಗಾರರ ಮೇಜಿನ ಕಡತದಲ್ಲಿ ಅದು ಕೂತುಬಿಟ್ಟರೆ ರಾತ್ರಿ ಗಾಡಿಯವರಿಗೆ ಗೊತ್ತೇ ಆಗುವುದಿಲ್ಲ. ಆದೇಶ ಮುರಿಯುವುದು 2005ರ ಕಾಯ್ದೆಯ 31ನೇ ಕಲಮಿನಡಿ ಸಂಜ್ಞೇಯ, ಜಾಮೀನುರಹಿತ ಅಪರಾಧ. ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಒಂದು ಪುಸ್ತಕ ಮಾಡಿ. ಹೆಸರು, ವಿಳಾಸ, ಆದೇಶದ ದಿನಾಂಕ, ಅವನು ಏನು ಮಾಡಬಾರದು ಅಂತ ಒಂದು ಸಾಲು. ಪಾಳಿ ಬದಲಾಗುವಾಗ ರೋಲ್‌ಕಾಲ್‌ನಲ್ಲಿ ಅದನ್ನು ಓದಿ ಹೇಳಿ. ಗಾಡಿಯಲ್ಲೂ ಒಂದು ಪ್ರತಿ ಇಡಿ.